ಆಕಾಶಕ್ಕೆ ದಾರಿ ಮಾಡಿದ ಕಾಲೇಜುಗಳು



ಕಳೆದ ತಿಂಗಳ ಯುವ ಸಂಚಾಲನದ ಸಭೆ ನಿಮಗೆ ನೆನಪಿರಬಹುದು. ಮುಂದೆ ಏನು ಓದಬೇಕು ಎಂಬ ವಿಷಯದ ಮೇಲೆ ಮಾತು ನಡೆಯುತ್ತಿತ್ತು. ನರ್ಸಿಂಗ್, ಬಿ.ಕಾಂ., ಹೋಟೆಲ್ ಮ್ಯಾನೇಜ್‌ಮೆಂಟ್ ಎಲ್ಲ ಮುಗಿದ ಮೇಲೆ ಪ್ಲಸ್ ಟು ಓದುತ್ತಿರುವ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಣ್ಣಾ, ಪೈಲಟ್ ಆಗಲಿಕ್ಕೆ ಡಿಗ್ರಿ ಬೇಕಾ? ಅಮೆರಿಕದಲ್ಲಿ ಕಾಲೇಜಿನಲ್ಲೇ ವಿಮಾನ ಕಲಿಸ್ತಾರಂತಲ್ಲ, ಹೌದಾ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬರು ಹಿರಿಯರು, "ಅದೆಲ್ಲ ದುಡ್ಡಿದ್ದವರಿಗೆ ಮಗಾ" ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕು ಕುಳಿತುಕೊಂಡಳು.

ಆ ನಗು ನನಗೆ ಸರಿಬರಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ವಿಮಾನ ಹತ್ತದ ಮನೆ ಯಾವುದಿದೆ ಹೇಳಿ? ಅಪ್ಪ ದುಬೈಯಲ್ಲಿ, ಮಾವ ಕುವೈತಿನಲ್ಲಿ, ಅಕ್ಕ ಮಸ್ಕತ್ತಿನ ಆಸ್ಪತ್ರೆಯಲ್ಲಿ. ಬಜಪೆಯ ವಿಮಾನ ನಿಲ್ದಾಣದ ಹೊರಗೆ ನಿಂತು ಅತ್ತವರು ನಾವೆಲ್ಲ. ಆದರೆ ವಿಮಾನದ ಮುಂದಿನ ಆ ಸಣ್ಣ ಬಾಗಿಲಿನ ಒಳಗೆ ಕುಳಿತವರು ನಮ್ಮಲ್ಲಿ ಒಬ್ಬರೂ ಇಲ್ಲ. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಓದಲು ಹೊರಟೆ. ಓದುತ್ತಾ ಓದುತ್ತಾ ಸಿಕ್ಕಿದ್ದು ಒಂದು ದೊಡ್ಡ ಕಥೆ. ಹಿಂದಿನ ಬೆಂಚಿನ ಆ ಮಾತಿಗೂ ಅದರಲ್ಲಿ ಉತ್ತರ ಇದೆ, ಅರ್ಧದಷ್ಟಾದರೂ.

ಮೊದಲು ನಮ್ಮ ದೇಶದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಇಲ್ಲಿ ಪೈಲಟ್ ಆಗಲು ಪದವಿ ಕಡ್ಡಾಯವಲ್ಲ. ಪ್ಲಸ್ ಟುವಿನಲ್ಲಿ ಫಿಸಿಕ್ಸ್ ಮತ್ತು ಗಣಿತ, ವೈದ್ಯಕೀಯ ತಪಾಸಣೆ, ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆಗಳು, 200 ಗಂಟೆ ಹಾರಾಟ. ಇವಿಷ್ಟು ಬಹುಕಾಲದಿಂದ ನಡೆದು ಬಂದ ಕ್ರಮ. ಕಲಿಸುವುದು ಹಾರಾಟ ಶಾಲೆಗಳು. ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರದ್ದೇ ಒಂದು ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಇಂದಿರಾ ಗಾಂಧಿಯವರ ಹೆಸರಿನ ರಾಷ್ಟ್ರೀಯ ಅಕಾಡೆಮಿ ಇದೆ. ಕಾಲೇಜು ಬೇರೆ, ಹಾರಾಟ ಬೇರೆ. ಇವೆರಡೂ ಒಂದೇ ಅಂಗಳಕ್ಕೆ ಬಂದದ್ದು ಅಮೆರಿಕದಲ್ಲಿ. ಅಲ್ಲಿಯೂ ಅದು ತಾನಾಗಿ ಬಂದದ್ದಲ್ಲ.

ವಿಮಾನ ಕಂಡುಹಿಡಿದ ರೈಟ್ ಸಹೋದರರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ತಂದೆ ಮಿಲ್ಟನ್ ರೈಟ್ ಒಂದು ಪ್ರೊಟೆಸ್ಟೆಂಟ್ ಸಭೆಯ ಬಿಷಪ್ ಆಗಿದ್ದರು. ಮನೆಯಲ್ಲಿ ಪದವಿ ಪಡೆದಾಕೆ ತಂಗಿ ಕ್ಯಾಥರಿನ್. ಅಣ್ಣಂದಿರದು ಸೈಕಲ್ ಅಂಗಡಿ. 1903ರಲ್ಲಿ ಅವರು ಹಾರಿದ ಮೇಲೆ ಸುಮಾರು ಇಪ್ಪತ್ತು ವರ್ಷ ಅಮೆರಿಕದಲ್ಲಿ ವಿಮಾನ ಕಲಿಯಲು ಮುಖ್ಯವಾಗಿ ಇದ್ದದ್ದು ಎರಡು ದಾರಿ. ಒಂದು ಸೇನೆ. ಇನ್ನೊಂದು, ಊರೂರಿಗೆ ಹೋಗಿ ಜಾತ್ರೆಯಲ್ಲಿ ಸರ್ಕಸ್ ತೋರಿಸಿದ ಹಾಗೆ ವಿಮಾನ ಹಾರಿಸಿ ತೋರಿಸುವವರ ಕೈಕೆಳಗೆ ದುಡಿದು ಕಲಿಯುವುದು. 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿ ಹೆಸರು ಮಾಡಿದ ಚಾರ್ಲ್ಸ್ ಲಿಂಡ್‌ಬರ್ಗ್ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಓದನ್ನು ಅರ್ಧಕ್ಕೇ ಬಿಟ್ಟು ವಿಮಾನ ಕಲಿಯಲು ಹೋದವನು. ಆ ಕಾಲಕ್ಕೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ವಿಮಾನ ಬೇಕಿದ್ದರೆ ಕಾಲೇಜು ಬಿಡಬೇಕಿತ್ತು.

ಆ ಎರಡು ದಾರಿಗಳೂ ಮುಚ್ಚಿದ್ದವರು ಏನು ಮಾಡಬೇಕಿತ್ತು? ಬೆಸ್ಸಿ ಕೋಲ್ಮನ್ ಎಂಬಾಕೆಯ ಕಥೆ ಕೇಳಿ. ಟೆಕ್ಸಾಸಿನ ಬಡ ಕುಟುಂಬದಲ್ಲಿ 1892ರಲ್ಲಿ ಹುಟ್ಟಿದ ಕಪ್ಪುವರ್ಣೀಯ ಹೆಣ್ಣು. ಶಿಕಾಗೋದ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ಕತ್ತರಿಸಿ ಚಂದ ಮಾಡುವ ಕೆಲಸ. ವಿಮಾನ ಕಲಿಯಬೇಕೆಂದು ಹಟ. ಅಮೆರಿಕದಲ್ಲಿ ಒಬ್ಬನೂ ಕಲಿಸಲಿಲ್ಲ. ಹೆಣ್ಣು ಎಂದು ಒಂದು ಕಾರಣ, ಬಣ್ಣ ಎಂದು ಇನ್ನೊಂದು. ಆಕೆ ಫ್ರೆಂಚ್ ಭಾಷೆ ಕಲಿತಳು, ದುಡ್ಡು ಕೂಡಿಸಿದಳು, ಹಡಗು ಹತ್ತಿ ಫ್ರಾನ್ಸಿಗೆ ಹೋದಳು. 1921ರ ಜೂನ್ 15ರಂದು ಅಲ್ಲಿ ಪೈಲಟ್ ಪರವಾನಗಿ ಪಡೆದಳು. ತಿರುಗಿ ಬಂದು, ತನ್ನ ಜನರಿಗಾಗಿ ಒಂದು ಹಾರಾಟ ಶಾಲೆ ತೆರೆಯಬೇಕೆಂದು ಊರೂರು ತಿರುಗಿ ಪ್ರದರ್ಶನ ಕೊಟ್ಟು ಹಣ ಕೂಡಿಸುತ್ತಿದ್ದಳು. ಶಾಲೆ ತೆರೆಯಲು ಆಗಲಿಲ್ಲ. 1926ರ ಏಪ್ರಿಲ್ 30ರಂದು ಫ್ಲೋರಿಡಾದ ಜ್ಯಾಕ್ಸನ್‌ವಿಲ್ಲಿನಲ್ಲಿ ವಿಮಾನದಿಂದ ಕೆಳಗೆ ಬಿದ್ದು ಸತ್ತಳು. ಮೂವತ್ತನಾಲ್ಕು ವರ್ಷ ಪ್ರಾಯ.

ಅಷ್ಟು ಹೊತ್ತಿಗೆ ಅಲ್ಲಲ್ಲಿ ಹಾರಾಟದ ಶಾಲೆಗಳು ಹುಟ್ಟಿಕೊಳ್ಳುತ್ತಿದ್ದವು. ಈಗ ವಿಮಾನಯಾನದ ದೊಡ್ಡ ವಿಶ್ವವಿದ್ಯಾನಿಲಯವಾಗಿರುವ ಎಂಬ್ರಿ-ರಿಡ್ಲ್ 1925ರ ಡಿಸೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಒಂದು ಸಣ್ಣ ವಿಮಾನ ಕಂಪನಿಯಾಗಿ ಶುರುವಾಯಿತು. 1927ರಲ್ಲಿ ಆಲಿವರ್ ಪಾರ್ಕ್ಸ್ ಎಂಬವನು ಸೇಂಟ್ ಲೂಯಿಸ್ ನಗರದಲ್ಲಿ ಪಾರ್ಕ್ಸ್ ಏರ್ ಕಾಲೇಜು ತೆರೆದ. ಸರಕಾರ ಹಾರಾಟ ಶಾಲೆಗಳಿಗೆ ಪ್ರಮಾಣಪತ್ರ ಕೊಡಲು ತೊಡಗಿದಾಗ ಒಂದನೇ ನಂಬರಿನ ಪ್ರಮಾಣಪತ್ರ ಸಿಕ್ಕಿದ್ದು ಈ ಕಾಲೇಜಿಗೆ. (ಇದರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.) ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾನಿಲಯ 1930ರ ದಶಕದ ಆರಂಭದಲ್ಲೇ ತನ್ನದೇ ಆದ ವಿಮಾನ ನಿಲ್ದಾಣ ಮಾಡಿಕೊಂಡಿತು, ಒಂದು ವಿಶ್ವವಿದ್ಯಾನಿಲಯ ಹೀಗೆ ಮಾಡಿದ್ದು ಅಮೆರಿಕದಲ್ಲಿ ಅದೇ ಮೊದಲು. ಅಮೀಲಿಯಾ ಇಯರ್‌ಹಾರ್ಟ್ ಅಲ್ಲಿಯ ಹುಡುಗಿಯರಿಗೆ ವೃತ್ತಿ ಸಲಹೆ ಕೊಡಲು 1935ರಿಂದ ಹೋಗುತ್ತಿದ್ದಳು. ಆದರೆ ಇವೆಲ್ಲ ದುಡ್ಡಿದ್ದವರ ದಾರಿಗಳೇ. ಹಿಂದಿನ ಬೆಂಚಿನವರು ಹೇಳಿದ್ದು ಆ ಮಟ್ಟಿಗೆ ನಿಜ.

ದಾರಿ ಅಗಲವಾದದ್ದು 1938ರ ಕೊನೆಗೆ. ಯುರೋಪಿನಲ್ಲಿ ಯುದ್ಧದ ಮೋಡ ಕವಿದಿತ್ತು. ಜರ್ಮನಿ, ಇಟಲಿ ದೇಶಗಳು ಯುವಕರಿಗೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಾರಾಟ ಕಲಿಸುತ್ತಿದ್ದವು. ಅಮೆರಿಕದಲ್ಲಿ ಪೈಲಟ್‌ಗಳೂ ಕಮ್ಮಿ, ಆರ್ಥಿಕ ಕುಸಿತದಿಂದ ಸಣ್ಣ ಊರುಗಳ ಹಾರಾಟ ಶಾಲೆಗಳೂ ಬಾಗಿಲು ಹಾಕುವ ಸ್ಥಿತಿ. ಡಿಸೆಂಬರ್ 27ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಯೋಜನೆ ಪ್ರಕಟಿಸಿದರು: ವರ್ಷಕ್ಕೆ 20,000 ಕಾಲೇಜು ವಿದ್ಯಾರ್ಥಿಗಳಿಗೆ ಸರಕಾರದ ಖರ್ಚಿನಲ್ಲಿ ವಿಮಾನ ಹಾರಿಸಲು ಕಲಿಸುವುದು. ಹೆಸರು 'ಸಿವಿಲಿಯನ್ ಪೈಲಟ್ ಟ್ರೈನಿಂಗ್ ಪ್ರೋಗ್ರಾಂ', ನಾಗರಿಕ ಪೈಲಟ್ ತರಬೇತಿ ಯೋಜನೆ. 1939ರ ಆರಂಭದಲ್ಲಿ 13 ಕಾಲೇಜುಗಳಲ್ಲಿ ಪರೀಕ್ಷಾರ್ಥವಾಗಿ ನಡೆಸಿ ನೋಡಿದರು. ಜೂನಿನಲ್ಲಿ ಕಾನೂನಾಯಿತು.

ಈ ಯೋಜನೆಯ ಜಾಣತನ ಎಲ್ಲಿದೆ ಎಂದರೆ, ಕಾಲೇಜು ಒಂದೇ ಒಂದು ವಿಮಾನ ಕೊಳ್ಳಬೇಕಾಗಿರಲಿಲ್ಲ. ಕಾಲೇಜು ತನ್ನ ತರಗತಿಯಲ್ಲಿ 72 ಗಂಟೆ ಪಾಠ ಮಾಡಬೇಕು: ಹವಾಮಾನ, ದಿಕ್ಕು ಹಿಡಿಯುವ ವಿದ್ಯೆ, ವಿಮಾನ ಏಕೆ ಮೇಲೇರುತ್ತದೆ ಎಂಬ ಶಾಸ್ತ್ರ, ಎಂಜಿನು, ಆಕಾಶದ ನಿಯಮಗಳು. ಹತ್ತಿರದ ಸಣ್ಣ ವಿಮಾನ ನಿಲ್ದಾಣದಲ್ಲಿರುವ ಖಾಸಗಿ ಹಾರಾಟ ಶಾಲೆಯವರು 35ರಿಂದ 50 ಗಂಟೆ ಹಾರಾಟ ಕಲಿಸಬೇಕು. ಇಬ್ಬರಿಗೂ ದುಡ್ಡು ಸರಕಾರದ್ದು. ಫಿಸಿಕ್ಸ್ ಮೇಷ್ಟ್ರಿಗೆ ಹೊಸ ಪಾಠ, ಮುಳುಗುತ್ತಿದ್ದ ಹಾರಾಟ ಶಾಲೆಗೆ ಉಸಿರು, ಹುಡುಗರಿಗೆ ರೆಕ್ಕೆ.

ಹೆಚ್ಚಿನವರು ಕಲಿತದ್ದು ಪೈಪರ್ ಕಬ್ ಎಂಬ ಹಳದಿ ವಿಮಾನದಲ್ಲಿ. 65 ಅಶ್ವಶಕ್ತಿಯ ಎಂಜಿನು. ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರಬೇಕು. ಗುರು ಮುಂದೆ, ಶಿಷ್ಯ ಹಿಂದೆ. ಗುರು ಇಳಿದುಹೋದ ಮೇಲೂ ಶಿಷ್ಯ ಹಿಂದಿನ ಸೀಟಿನಲ್ಲೇ ಕುಳಿತು ಒಬ್ಬನೇ ಹಾರಿಸಬೇಕು, ಇಲ್ಲದಿದ್ದರೆ ತೂಕ ಸರಿಹೋಗುವುದಿಲ್ಲ. ಮುಂದೆ ಖಾಲಿ ಸೀಟು, ಅದರಾಚೆ ಆಕಾಶ. ಮೊದಲ ಸಲ ಒಬ್ಬನೇ ಹಾರಿದವನಿಗೆ ಆ ಖಾಲಿ ಸೀಟು ಹೇಗೆ ಕಂಡಿರಬೇಡ!

ಯೋಜನೆ ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಮಾತ್ರ ಸೀಮಿತವಾಗಲಿಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ. ಸಣ್ಣ ಸಣ್ಣ ಊರುಗಳಲ್ಲಿ ಕ್ರೈಸ್ತ ಸಭೆಗಳು ಕಟ್ಟಿದ ಕಾಲೇಜುಗಳೂ ಸೇರಿಕೊಂಡವು. ಒಹಾಯೋದ ನ್ಯೂ ಕಾನ್ಕರ್ಡ್ ಎಂಬ ಪುಟ್ಟ ಊರಿನಲ್ಲಿ ಪ್ರೆಸ್ಬಿಟೇರಿಯನ್ ಸಂಪ್ರದಾಯದ ಮಸ್ಕಿಂಗಮ್ ಕಾಲೇಜು. ಅಲ್ಲಿ ಓದುತ್ತಿದ್ದ ಜಾನ್ ಗ್ಲೆನ್ ಎಂಬ ಹುಡುಗ 1941ರಲ್ಲಿ ಈ ಯೋಜನೆಯಿಂದ ಪೈಲಟ್ ಪರವಾನಗಿ ಪಡೆದ. ಅದಕ್ಕಾಗಿ ಕಾಲೇಜಿನಲ್ಲಿ ಫಿಸಿಕ್ಸ್ ವಿಷಯದ ಅಂಕವೂ ಸಿಕ್ಕಿತು. ಇಪ್ಪತ್ತೊಂದು ವರ್ಷದ ಬಳಿಕ, 1962ರ ಫೆಬ್ರವರಿ 20ರಂದು, ಭೂಮಿಯನ್ನು ಸುತ್ತಿಬಂದ ಮೊದಲ ಅಮೆರಿಕನ್ ಗಗನಯಾತ್ರಿ ಅವನೇ. ಮೆಥಡಿಸ್ಟರ ಡಕೋಟಾ ವೆಸ್ಲಿಯನ್ ಕಾಲೇಜಿನಲ್ಲಿ ಇದೇ ಯೋಜನೆಯಲ್ಲಿ ಕಲಿತ ಜಾರ್ಜ್ ಮೆಕ್‌ಗವರ್ನ್ ಯುದ್ಧದಲ್ಲಿ ದೊಡ್ಡ ಬಾಂಬರ್ ಹಾರಿಸಿದ. ಮುಂದೆ 1972ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತ.

ಹುಡುಗಿಯರಿಗೂ ಸ್ಥಾನವಿತ್ತು, ಆದರೆ ಹತ್ತು ಹುಡುಗರಿಗೆ ಒಬ್ಬಳು ಎಂಬ ಲೆಕ್ಕ. 1941ರ ಮಧ್ಯದಲ್ಲಿ ಅದನ್ನೂ ನಿಲ್ಲಿಸಿದರು. ಯುದ್ಧ ಹತ್ತಿರವಾಗುತ್ತಿತ್ತು, ಯುದ್ಧಕ್ಕೆ ಬಾರದವರಿಗೆ ಏಕೆ ಖರ್ಚು ಮಾಡಬೇಕು ಎಂಬ ವಾದ. ಈ ಯೋಜನೆ 'ನಾಗರಿಕ' ಎಂದು ಹೆಸರಿಗೆ ಮಾತ್ರ. ಒಳಗೆ ಸೇನೆಯ ತಯಾರಿ ಎಂದು ಮೊದಲ ದಿನದಿಂದ ದೂರುತ್ತಿದ್ದವರ ಮಾತು ನಿಜವಾಯಿತು. 1942ರಲ್ಲಿ ಹೆಸರೇ 'ಯುದ್ಧ ತರಬೇತಿ ಸೇವೆ' ಎಂದು ಬದಲಾಯಿತು. 1944ರಲ್ಲಿ ಮುಗಿಯುವಾಗ ತರಬೇತಿ ಪಡೆದವರ ಸಂಖ್ಯೆ 4,35,000 ದಾಟಿತ್ತು.

ಇನ್ನು ಕಪ್ಪುವರ್ಣೀಯರು. ನಾನು ಈ ಲೇಖನ ಬರೆಯಲು ಕುಳಿತದ್ದೇ ಈ ಭಾಗಕ್ಕಾಗಿ.

ಕಪ್ಪುವರ್ಣೀಯರಿಗೆ ಪೈಲಟ್ ಆಗುವ ಯೋಗ್ಯತೆ ಇಲ್ಲ ಎಂಬುದು ಅಂದಿನ ಅಮೆರಿಕದ ಸೇನೆಯ ನಿಲುವು. 1925ರಲ್ಲಿ ಸೇನಾ ಕಾಲೇಜೊಂದು ವರದಿಯನ್ನೇ ಬರೆದು ಅವರ ಬುದ್ಧಿ, ಧೈರ್ಯ ಎರಡನ್ನೂ ಹಳಿದಿತ್ತು. ಹೀಗಿರುವಾಗ 1939ರ ಮೇ ತಿಂಗಳಲ್ಲಿ ಶಿಕಾಗೋದ ಇಬ್ಬರು ಯುವಕರು, ಚಾನ್ಸಿ ಸ್ಪೆನ್ಸರ್ ಮತ್ತು ಡೇಲ್ ವೈಟ್, ಒಂದು ಹಳೆಯ ವಿಮಾನವನ್ನು ಬಾಡಿಗೆಗೆ ಹಿಡಿದು ರಾಜಧಾನಿ ವಾಷಿಂಗ್ಟನ್ನಿಗೆ ಹೊರಟರು. ದಾರಿಯಲ್ಲಿ ಎಂಜಿನು ಕೆಟ್ಟು ಒಹಾಯೋದ ಒಂದು ಹಳ್ಳಿಯಲ್ಲಿ ಇಳಿಯಬೇಕಾಯಿತು. ರಿಪೇರಿ ಮಾಡಿಸಿ ಮತ್ತೆ ಹಾರಿದರು. ವಾಷಿಂಗ್ಟನ್ನಿನಲ್ಲಿ ಹ್ಯಾರಿ ಟ್ರೂಮನ್ ಎಂಬ ಸೆನೆಟರನ್ನು ಕಂಡು ಕೇಳಿದ್ದು ಇಷ್ಟೇ: ಹೊಸ ಯೋಜನೆಯಲ್ಲಿ ನಮ್ಮವರನ್ನೂ ಸೇರಿಸಿ. ಟ್ರೂಮನ್ ಹೋಗಿ ಆ ಲಟಾರಿ ವಿಮಾನವನ್ನು ಕಣ್ಣಾರೆ ನೋಡಿದರು. ಜೂನಿನಲ್ಲಿ ಬಂದ ಕಾನೂನಿನಲ್ಲಿ, ಜನಾಂಗ, ಧರ್ಮ, ಬಣ್ಣದ ಕಾರಣಕ್ಕೆ ಯಾರಿಗೂ ಈ ತರಬೇತಿ ನಿರಾಕರಿಸಬಾರದು ಎಂಬ ಮಾತು ಸೇರಿತ್ತು. ಒಂದೇ ಸಾಲು. ಆದರೆ ಮುಂದಿನದೆಲ್ಲ ಬೆಳೆದದ್ದು ಆ ಸಾಲಿನಿಂದ.

ಕಪ್ಪುವರ್ಣೀಯರ ಆರು ಕಾಲೇಜುಗಳಿಗೆ ಯೋಜನೆ ಸಿಕ್ಕಿತು. ಮೊದಲನೆಯದು ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜು. ಆಮೇಲೆ ಹೊವಾರ್ಡ್, ಹ್ಯಾಂಪ್ಟನ್, ಡೆಲವೇರ್ ಸ್ಟೇಟ್, ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ, ಮತ್ತು ಅಲಬಾಮದ ಟಸ್ಕೀಗಿ. ಶಿಕಾಗೋದಲ್ಲಿ ಕಾರ್ನೀಲಿಯಸ್ ಕಾಫಿ ಮತ್ತು ವಿಲ್ಲಾ ಬ್ರೌನ್ ನಡೆಸುತ್ತಿದ್ದ ಹಾರಾಟ ಶಾಲೆಗೂ ಸಿಕ್ಕಿತು.

ಟಸ್ಕೀಗಿ ಮಾಜಿ ಗುಲಾಮ ಬೂಕರ್ ವಾಷಿಂಗ್ಟನ್ ಕಟ್ಟಿದ ವಿದ್ಯಾಸಂಸ್ಥೆ. ಇಟ್ಟಿಗೆ ಸುಡುವುದರಿಂದ ಹಿಡಿದು ಬೇಸಾಯದವರೆಗೆ ಕೈಕೆಲಸ ಕಲಿಸಿ ಹೆಸರಾದದ್ದು. ಅಲ್ಲಿ ವಿಮಾನ ನಿಲ್ದಾಣ ಇರಲಿಲ್ಲ. ಮೊದಲ ತಂಡದ ಹುಡುಗರು ಹಾರಾಟ ಕಲಿಯಲು ಸುಮಾರು 40 ಮೈಲು ದೂರದ ಮಾಂಟ್ಗಮರಿಗೆ ಹೋಗಿ ಬರಬೇಕಿತ್ತು. ಪಾಠ ಹೇಳಲು ಆಬರ್ನಿನಿಂದ, ಬಿಳಿಯರ ಕಾಲೇಜಿನಿಂದ, ಉಪನ್ಯಾಸಕರು ಬಂದರು. 1940ರ ವಸಂತದಲ್ಲಿ ಸರಕಾರದ ಪರೀಕ್ಷೆ ನಡೆದಾಗ ಕುಳಿತವರೆಲ್ಲರೂ ಮೊದಲ ಸಲಕ್ಕೇ ಪಾಸು. ಕಾಲೇಜಿನವರು ಹತ್ತಿರದಲ್ಲೇ ಒಂದು ಜಾಗ ಬಾಡಿಗೆಗೆ ಹಿಡಿದರು. ವಿದ್ಯಾರ್ಥಿಗಳೇ ದುಡಿದು ಅದನ್ನು ವಿಮಾನ ಇಳಿಯುವ ಮೈದಾನವಾಗಿ ಮಾಡಿದರು. ಕೈಕೆಲಸ ಕಲಿಸಿದ ಕಾಲೇಜಲ್ಲವೇ.

ಕಲಿಸಲು ಬಂದವರಲ್ಲಿ ಚಾರ್ಲ್ಸ್ ಆಲ್ಫ್ರೆಡ್ ಆ್ಯಂಡರ್ಸನ್ ಎಂಬವರಿದ್ದರು. ಎಲ್ಲರೂ 'ಚೀಫ್' ಎಂದೇ ಕರೆಯುತ್ತಿದ್ದರು. ಪೆನ್ಸಿಲ್ವೇನಿಯಾದಲ್ಲಿ 1907ರಲ್ಲಿ ಹುಟ್ಟಿದವರು. ಎಳೆಯ ಪ್ರಾಯದಲ್ಲಿ ಅವರಿಗೂ ಯಾರೂ ವಿಮಾನ ಕಲಿಸಲಿಲ್ಲ. ಬಾಡಿಗೆಗೂ ಕೊಡಲಿಲ್ಲ. ಸರಿ, ಸಾಲ ಸೋಲ ಮಾಡಿ ಹಳೆಯ ವಿಮಾನವೊಂದನ್ನು ಕೊಂಡೇಬಿಟ್ಟರು! ಬೇರೆ ಪೈಲಟ್‌ಗಳನ್ನು ನೋಡಿ, ಅಷ್ಟಿಷ್ಟು ಕೇಳಿ, ಬಹುಪಾಲು ತಾವೇ ಕಲಿತು 1929ರಲ್ಲಿ ಪರವಾನಗಿ ಪಡೆದರು. ವೃತ್ತಿಪರ ಪೈಲಟ್ ಪರವಾನಗಿಗೆ ತಯಾರು ಮಾಡಿದ್ದು ಅರ್ನ್ಸ್ಟ್ ಬ್ಯೂಲ್ ಎಂಬ ಜರ್ಮನ್ ವಲಸಿಗ. 1932ರಲ್ಲಿ ಅದು ಸಿಕ್ಕಿತು. ಅಮೆರಿಕದ ಕಪ್ಪುವರ್ಣೀಯರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ತನಗೆ ಯಾರೂ ಕಲಿಸದಿದ್ದ ವಿದ್ಯೆಯನ್ನು ಈ ಮನುಷ್ಯ ಮುಂದೆ ಎಷ್ಟು ಜನರಿಗೆ ಕಲಿಸಿದರು ನೋಡಿ.

1941ರ ಮಾರ್ಚ್ 29ರಂದು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಟಸ್ಕೀಗಿಗೆ ಬಂದರು. ಕಪ್ಪುಜನರು ನಿಜವಾಗಿಯೂ ವಿಮಾನ ಹಾರಿಸಬಲ್ಲರೇ ಎಂಬುದನ್ನು ಪರೀಕ್ಷಿಸಲು ಅವರಿಗೆ ಒಂದೇ ದಾರಿ ಕಂಡಿತು. ಚೀಫ್ ಆ್ಯಂಡರ್ಸನ್ನರ ವಿಮಾನದ ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತರು. ಜೊತೆಗಿದ್ದ ಅಂಗರಕ್ಷಕರು ಬೇಡ ಬೇಡ ಅಂದರೂ ಕೇಳಲಿಲ್ಲ. ಇಳಿದ ಮೇಲೆ ತೆಗೆಸಿದ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ರೋಸನ್‌ವಾಲ್ಡ್ ಎಂಬ ದತ್ತಿನಿಧಿಗೆ ಆಕೆ ಟ್ರಸ್ಟಿ. ಆ ನಿಧಿಯಿಂದ 1,75,000 ಡಾಲರ್ ಸಾಲ ಸಿಕ್ಕಿ ಟಸ್ಕೀಗಿಯಲ್ಲಿ ಮೋಟನ್ ಫೀಲ್ಡ್ ಎಂಬ ನಿಜವಾದ ವಿಮಾನ ನಿಲ್ದಾಣ ಎದ್ದಿತು.

ಆ ವರ್ಷದ ಜುಲೈಯಲ್ಲಿ ಸೇನೆಯ ಮೊದಲ ತಂಡ ಸೇರಿತು, 13 ಮಂದಿ. 1942ರ ಮಾರ್ಚ್ 7ರಂದು ರೆಕ್ಕೆಯ ಬಿಲ್ಲೆ ಪಡೆದವರು ಐವರು. ಅವರಲ್ಲಿ ಜಾರ್ಜ್ ರಾಬರ್ಟ್ಸ್ ಮತ್ತು ಮ್ಯಾಕ್ ರಾಸ್ ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜಿನವರು, ಲೆಮ್ಯುಯೆಲ್ ಕಸ್ಟಿಸ್ ಹೊವಾರ್ಡ್ ಪದವೀಧರ, ಚಾರ್ಲ್ಸ್ ಡಿಬೋ ಹ್ಯಾಂಪ್ಟನ್ನಿನವನು. ಐದನೆಯವರು ಸೇನಾಧಿಕಾರಿ ಬೆಂಜಮಿನ್ ಡೇವಿಸ್. ಕಾಲೇಜಿನ ತರಬೇತಿ ಇಲ್ಲದಿದ್ದರೆ ಸೇನೆಗೆ ಆರಿಸಲು ಜನರೇ ಇರುತ್ತಿರಲಿಲ್ಲ ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಯುದ್ಧ ಮುಗಿಯುವಾಗ ಟಸ್ಕೀಗಿಯಿಂದ ಹೊರಬಂದ ಪೈಲಟ್‌ಗಳು ಸುಮಾರು ಸಾವಿರ. ಉತ್ತರ ಆಫ್ರಿಕಾ, ಇಟಲಿ, ಜರ್ಮನಿಯ ಮೇಲೆ ಅವರ ಹೋರಾಟದ ಬಗ್ಗೆ ಸಿನೆಮಾಗಳೇ ಬಂದಿವೆ, ನಾನಿಲ್ಲಿ ಬರೆಯುವುದಿಲ್ಲ.

ಆದರೆ ಒಂದು ಹೆಸರು ಬಿಡಲಾರೆ. ಮಿಲ್ಡ್ರೆಡ್ ಹೆಮನ್ಸ್. ಟಸ್ಕೀಗಿಯ ವಿದ್ಯಾರ್ಥಿನಿ. ಹುಡುಗರ ನಡುವೆ ಸೇರಿ ಇದೇ ಯೋಜನೆಯಲ್ಲಿ ಕಲಿತು 1941ರಲ್ಲಿ ಪರವಾನಗಿ ಪಡೆದಳು. ಯುದ್ಧಕಾಲದಲ್ಲಿ ಸೇನೆಯ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಮಹಿಳಾ ಪೈಲಟ್‌ಗಳ ಪಡೆ ಕಟ್ಟಿದಾಗ ಅರ್ಜಿ ಹಾಕಿದಳು. ಬಣ್ಣದ ಕಾರಣಕ್ಕೆ ಬೇಡ ಎಂಬ ಉತ್ತರ ಬಂತು. ಕೋಲ್ಮನ್ ಸತ್ತು ಹದಿನೈದು ವರ್ಷ ದಾಟಿದ್ದರೂ ಆ ಬಾಗಿಲು ಹಾಗೆಯೇ ಇತ್ತು.

ಯುದ್ಧ ಮುಗಿದು ಮನೆಗೆ ಬಂದವರಿಗೂ ಹೀಗೆಯೇ. ಬಿಳಿಯ ಪೈಲಟ್‌ಗಳು ಸಮವಸ್ತ್ರ ಬದಲಾಯಿಸಿ ವಿಮಾನ ಕಂಪನಿಗಳಿಗೆ ಸೇರಿದರು. ಟಸ್ಕೀಗಿಯವರಿಗೆ ಕಂಪನಿಗಳು ಬಾಗಿಲು ತೆರೆಯಲಿಲ್ಲ. ಕಾಲೇಜು ವಿದ್ಯೆ ಕೊಟ್ಟಿತು, ಪರವಾನಗಿಗೆ ದಾರಿ ಮಾಡಿತು. ಕೆಲಸ ಕೊಡಿಸುವುದು ಕಾಲೇಜಿನ ಕೈಯಲ್ಲಿರಲಿಲ್ಲ.

ಇಲ್ಲಿ ನಮ್ಮ ಕಥೋಲಿಕ ಸಭೆಯ ಎರಡು ಎಳೆಗಳು ಬರುತ್ತವೆ. ಒಂದು, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಪಾರ್ಕ್ಸ್ ಕಾಲೇಜು. 1946ರಲ್ಲಿ ಆಲಿವರ್ ಪಾರ್ಕ್ಸ್ ಅದನ್ನು ಯೇಸುಸಭೆಯ ಗುರುಗಳು ನಡೆಸುವ ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಕೊಟ್ಟ. ಹೀಗೆ ಹಾರಾಟ ಕಲಿಸುವ ಕೆಲಸ ಜೆಸ್ವಿಟರ ಪಾಲಿಗೂ ಬಂತು. ಆ ವಿಶ್ವವಿದ್ಯಾನಿಲಯದಲ್ಲಿ ಪಾರ್ಕ್ಸ್ ಹೆಸರು ಬಹುಕಾಲ ಉಳಿಯಿತು. ಇದೇ ವಿಶ್ವವಿದ್ಯಾನಿಲಯದಲ್ಲಿ ಅದಕ್ಕೆ ಎರಡು ವರ್ಷ ಮೊದಲು, 1944ರ ಫೆಬ್ರವರಿ 11ರಂದು, ಕ್ಲಾಡ್ ಹೈಟ್‌ಹೌಸ್ ಎಂಬ ಧರ್ಮಗುರು ವಿದ್ಯಾರ್ಥಿಗಳ ಪೂಜೆಯಲ್ಲಿ ಪ್ರಬೋಧನೆ ಮಾಡುತ್ತಾ, ಕಪ್ಪುವರ್ಣೀಯರನ್ನು ಹೊರಗಿಡುವುದು ಅನ್ಯಾಯ ಎಂದು ನೇರವಾಗಿ ಹೇಳಿದರು. ಆ ಬೇಸಿಗೆಯಲ್ಲೇ ಐವರು ಕಪ್ಪುವರ್ಣೀಯ ವಿದ್ಯಾರ್ಥಿಗಳು ಸೇರಿದರು. ಗುರುಗಳು ಮಾತ್ರ ಅಲ್ಲಿಗೇ ಸುಮ್ಮನಾಗಲಿಲ್ಲ. ಸೇರಿಸಿಕೊಂಡ ಮೇಲೂ ಕಾಲೇಜಿನ ಸಮಾರಂಭಗಳಲ್ಲಿ ಅವರನ್ನು ದೂರವಿಟ್ಟದ್ದನ್ನು ಪ್ರಶ್ನಿಸಿದರು. ಫಲವಾಗಿ ಅವರಿಗೆ ವರ್ಗವಾಯಿತು. ಸಭೆಯ ಇತಿಹಾಸ ಹೇಳುವಾಗ ಈ ಕೊನೆಯ ಭಾಗವನ್ನೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಎಳೆ ಮಾರ್ಲನ್ ಗ್ರೀನ್. ಅರ್ಕನ್ಸಾಸಿನಲ್ಲಿ 1929ರಲ್ಲಿ ಹುಟ್ಟಿದ ಕಥೋಲಿಕ. ಒಂದು ಕಾಲಕ್ಕೆ ಧರ್ಮಗುರುವಾಗಬೇಕೆಂದು ಗುರುಮಠಕ್ಕೆ ಹೋಗಿದ್ದವನು. ಆಮೇಲೆ ವಾಯುಪಡೆಯ ಪೈಲಟ್ ಆದ. 1957ರಲ್ಲಿ ವಾಯುಪಡೆ ಬಿಟ್ಟು ವಿಮಾನ ಕಂಪನಿಗಳಿಗೆ ಅರ್ಜಿ ಹಾಕತೊಡಗಿದ. ಕಾಂಟಿನೆಂಟಲ್ ಕಂಪನಿಯ ಅರ್ಜಿಯಲ್ಲಿ ಜನಾಂಗ ಯಾವುದೆಂದು ಕೇಳಿದ ಜಾಗವನ್ನು ಖಾಲಿ ಬಿಟ್ಟ, ಫೋಟೋ ಅಂಟಿಸಲಿಲ್ಲ. ಡೆನ್ವರಿಗೆ ಕರೆ ಬಂತು. ಹೋಗಿ ಹಾರಾಟದ ಪರೀಕ್ಷೆಯೂ ಕೊಟ್ಟ. ಅವನಿಗೆ 3,000 ಗಂಟೆಗೂ ಹೆಚ್ಚು ಹಾರಾಟದ ಅನುಭವವಿತ್ತು. ಕಂಪನಿ ತೆಗೆದುಕೊಂಡದ್ದು ಅವನಿಗಿಂತ ಎಷ್ಟೋ ಕಡಿಮೆ ಗಂಟೆ ಹಾರಿದ ಬಿಳಿಯರನ್ನು.

ಗ್ರೀನ್ ಕೊಲೊರಾಡೋ ರಾಜ್ಯದ ಭೇದಭಾವ ವಿರೋಧಿ ಆಯೋಗಕ್ಕೆ ದೂರು ಕೊಟ್ಟ. ಆಯೋಗ ಅವನ ಪರ ನಿಂತಿತು, ಕಂಪನಿ ಕೋರ್ಟಿಗೆ ಹೋಯಿತು. ಕೇಸು ಆರು ವರ್ಷ ಎಳೆಯಿತು. ಕೈಯಲ್ಲಿ ಕೆಲಸ ಸರಿಯಾಗಿಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳು. 1963ರ ಏಪ್ರಿಲ್ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನ ಬಾಗಿಲಿನಿಂದ ಒಳಹೋದವರಲ್ಲಿ ಮೊದಲಿಗ ಅವನಲ್ಲ. 1964ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಡೇವಿಡ್ ಹ್ಯಾರಿಸ್ ಎಂಬವನನ್ನು ಸೇರಿಸಿಕೊಂಡಿತು. ಗ್ರೀನ್ ಕಾಂಟಿನೆಂಟಲ್ ಸೇರಿದ್ದು 1965ರಲ್ಲಿ. ಮರುವರ್ಷ ಕ್ಯಾಪ್ಟನ್ ಆದ, 1978ರವರೆಗೆ ಹಾರಿಸಿದ. ಹೆಂಗಸರು ಇನ್ನೂ ಕಾಯಬೇಕಾಯಿತು. ಎಮಿಲಿ ಹೊವೆಲ್ ವಾರ್ನರ್ ಫ್ರಾಂಟಿಯರ್ ಕಂಪನಿಗೆ ಪೈಲಟ್ ಆಗಿ ಸೇರಿದ್ದು 1973ರಲ್ಲಿ. ಕಪ್ಪುವರ್ಣೀಯ ಹೆಣ್ಣುಮಗಳು ಜಿಲ್ ಬ್ರೌನ್ ಟೆಕ್ಸಾಸ್ ಇಂಟರ್‌ನ್ಯಾಷನಲ್ ಕಂಪನಿ ಸೇರಿದ್ದು 1978ರಲ್ಲಿ.

ಈಗ ಮೊದಲಿನ ಪ್ರಶ್ನೆ. ಅಮೆರಿಕದಲ್ಲಿ ಇಂದು ಕಾಲೇಜು ಮತ್ತು ಹಾರಾಟ ಜೊತೆಯಾಗಿ ಇರಲು ಇನ್ನೊಂದು ಕಾರಣವೂ ಇದೆ. 2009ರ ಫೆಬ್ರವರಿ 12ರ ರಾತ್ರಿ ಬಫೆಲೋ ನಗರದ ಬಳಿ ಕೋಲ್ಗನ್ ಏರ್ ಕಂಪನಿಯ ಸಣ್ಣ ವಿಮಾನ ಒಂದು ಮನೆಯ ಮೇಲೆ ಬಿದ್ದು, ಮನೆಯಲ್ಲಿದ್ದ ಒಬ್ಬರೂ ಸೇರಿ 50 ಮಂದಿ ಸತ್ತರು. ಸತ್ತವರ ಕುಟುಂಬದವರು ಪಟ್ಟುಬಿಡದೆ ಹೋರಾಡಿದ ಮೇಲೆ 2010ರಲ್ಲಿ ಹೊಸ ಕಾನೂನು ಬಂತು; 2013ರಿಂದ ಪ್ರಯಾಣಿಕರ ವಿಮಾನದಲ್ಲಿ ಸಹಪೈಲಟ್ ಆಗಿ ಸೇರಲೂ 1,500 ಗಂಟೆ ಹಾರಾಟ ಬೇಕು. ಆದರೆ ಮಾನ್ಯತೆ ಪಡೆದ ಕಾಲೇಜಿನಲ್ಲಿ ವಿಮಾನಯಾನದಲ್ಲಿ ಪದವಿ ಪಡೆದವರಿಗೆ 1,000 ಗಂಟೆ ಸಾಕು. ಎರಡು ವರ್ಷದ ಕೋರ್ಸು ಮಾಡಿದರೆ 1,250. ಅಂದರೆ ತರಗತಿಯಲ್ಲಿ ಕೂತು ಓದಿದ ನಾಲ್ಕು ವರ್ಷಕ್ಕೆ ಅಲ್ಲಿಯ ಸರಕಾರ ಕಟ್ಟಿದ ಬೆಲೆ 500 ಗಂಟೆ. ಒಂದು ಮಾತು ಹೇಳಬೇಕು: ಬಫೆಲೋದಲ್ಲಿ ಬಿದ್ದ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆ ಆಗಿತ್ತು. ಗಂಟೆ ಎಣಿಸುವುದೇ ತರಬೇತಿಯೇ ಎಂಬ ಜಗಳ ಅಲ್ಲಿ ಇನ್ನೂ ನಡೆಯುತ್ತಿದೆ. ಖರ್ಚು ಮಾತ್ರ ಈಗ ವಿದ್ಯಾರ್ಥಿಯದೇ. 1939ರ ಹಾಗೆ ಸರಕಾರ ಕೊಡುವುದಿಲ್ಲ. ಸಾಲ ಮಾಡಿ ಓದುವವರೇ ಹೆಚ್ಚು.

ಹಾಗಾಗಿ ಹಿಂದಿನ ಬೆಂಚಿನ ಹಿರಿಯರೇ, ನಿಮ್ಮ ಮಾತು ಇವತ್ತಿನ ಮಟ್ಟಿಗೆ ಬಹುಪಾಲು ಸರಿ. ಆದರೆ ಐದಾರು ವರ್ಷ ಒಂದು ದೇಶದಲ್ಲಿ ಅದು ಸರಿಯಾಗಿರಲಿಲ್ಲ. ರೈತರ ಮಕ್ಕಳು, ಗುಲಾಮರ ಮೊಮ್ಮಕ್ಕಳು ಊರಿನ ಕಾಲೇಜಿನಿಂದಲೇ ವಿಮಾನ ಹತ್ತಿದರು.

ಚೀಫ್ ಆ್ಯಂಡರ್ಸನ್ 1996ರಲ್ಲಿ ಟಸ್ಕೀಗಿಯಲ್ಲೇ ತೀರಿಕೊಂಡರು. ಮೋಟನ್ ಫೀಲ್ಡ್ ಈಗ ರಾಷ್ಟ್ರೀಯ ಸ್ಮಾರಕ. ಮಾರ್ಲನ್ ಗ್ರೀನ್ 2009ರಲ್ಲಿ ತೀರಿಕೊಂಡರು. ಮರುವರ್ಷ ಕಾಂಟಿನೆಂಟಲ್ ಕಂಪನಿ ತನ್ನ ಒಂದು ಬೋಯಿಂಗ್ 737 ವಿಮಾನಕ್ಕೆ ಅವರ ಹೆಸರಿಟ್ಟಿತು. ಒಮ್ಮೆ ಅರ್ಜಿ ತಿರಸ್ಕರಿಸಿದ ಅದೇ ಕಂಪನಿ.

ಪ್ರಶ್ನೆ ಕೇಳಿದ ತಂಗಿಗೆ ಇದನ್ನೆಲ್ಲ ಮೊನ್ನೆ ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಹೇಳಿದೆ. ಎಲ್ಲ ಕೇಳಿ ಆಕೆ ಕೇಳಿದ್ದು ಒಂದೇ ಮಾತು: "ಕನ್ನಡಕ ಇದ್ದರೆ ಮೆಡಿಕಲ್‌ನಲ್ಲಿ ತೆಗೀತಾರಾ ಅಣ್ಣಾ?" ಕನ್ನಡಕ ಹಾಕಿ ದೃಷ್ಟಿ ಸರಿಹೋದರೆ ಅದೊಂದೇ ಕಾರಣಕ್ಕೆ ತೆಗೆಯುವುದಿಲ್ಲ ಎಂದೆ. ಫಿಸಿಕ್ಸ್ ಟ್ಯೂಷನ್ನಿಗೆ ಹೊತ್ತಾಯಿತು ಎಂದು ಹೊರಟಳು.